ಸೀರೆ ಉಟ್ಟ ಗಂಡಸಿಗೆ ‘ಸ್ತ್ರೀವೇಷ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹೆಂಗಸರ ಉಡುಗೆ ಎಂದು ನಾವೆಲ್ಲ ತಿಳಿದಿರುವುದನ್ನು ಗಂಡಸೊಬ್ಬ ಉಟ್ಟರೆ ಕನ್ನಡದಲ್ಲಿ ಅದಕ್ಕೆ ಏನು ಹೇಳಬೇಕು? ನಾಟಕಕ್ಕಾಗಿ ಅಲ್ಲ, ಹರಕೆಗೂ ಅಲ್ಲ. ಸುಮ್ನೆ ಇಷ್ಟ ಅಂತ ಉಟ್ಟರೆ. ಪದ ಬೈಗುಳದ ಹಾಗಿರಬಾರದು, ಕಾಯಿಲೆಯ ಹೆಸರಿನ ಹಾಗೂ ಕೇಳಬಾರದು, ಓದಿದವರಿಗೆ ತಟ್ಟನೆ ತಿಳಿಯಬೇಕು. ಅಂಥದ್ದೊಂದು ನಿಮ್ಮ ಕಡೆ ಬಳಕೆಯಲ್ಲಿದ್ದರೆ ದಯವಿಟ್ಟು ಹೇಳಿ.

ಸಂದರ್ಭ ಇದು. ಹಾಸನದಲ್ಲಿ ನಾವು ಕೆಲವರು ಸೇರಿ ಕಾಫಿ ತೋಟದ ಬದುಕಿನ ಫೋಟೋಗಳನ್ನು ಪ್ರದರ್ಶನಕ್ಕೆ ಇಡುತ್ತಿದ್ದೇವೆ. ಫೋಟೋಗಳ ಕೆಳಗಿನ ಬರಹ ತಿದ್ದುವ ಕೆಲಸ ನನ್ನದು. ಒಂದು ಫೋಟೋ ಸಕಲೇಶಪುರದ ಕಡೆಯ ತೋಟದ್ದು. ಕಾಫಿ ಒಣಗಿಸುವ ಕಣ. ಅಲ್ಲಿ ತೋಟದ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು, ನಿಂತಿದ್ದಾರೆ, ಸಣ್ಣ ವಯಸ್ಸು. ದಟ್ಟ ಮೀಸೆ, ಕೈಯಲ್ಲಿ ಹಾಜರಿ ಪುಸ್ತಕ. ಉಟ್ಟಿರುವುದು ಕೆಂಪಂಚಿನ ಹಸಿರು ಸೀರೆ. ನಿರಿಗೆ ಎಷ್ಟು ಒಪ್ಪವಾಗಿದೆ ಅಂದರೆ ಒಂದೊಂದೂ ಎಣಿಸಬಹುದು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಕೆಲಸದ ಹೊತ್ತಲ್ಲಿ ನಮ್ಮಮ್ಮಂದಿರು ಸಿಕ್ಕಿಸುವ ಹಾಗೆ. ಫೋಟೋ ತೆಗೆದವರು ಕೆಳಗೆ ಬರೆದು ಕಳಿಸಿದ್ದು: ‘ಸ್ತ್ರೀವೇಷದಲ್ಲಿ ತೋಟದ ರೈಟರ್’.

ಆ ಬರಹ ಹಾಕುವ ಮುಂಚೆ ರೈಟರನ್ನೇ ಕೇಳೋಣ ಅಂತ ಫೋನ್ ಮಾಡಿದೆ. ಅವರು ಹೇಳಿದ್ದು: “ವೇಷ ಅಂತ ಮಾತ್ರ ಹಾಕ್ಬೇಡಿ ಮೇಡಂ. ವೇಷ ಮಾಡ್ತಿದ್ದದ್ದು ನಮ್ಮಜ್ಜ, ಆಟದಲ್ಲಿ. ನಾನು ಸೀರೆ ಉಟ್ಟಿದೀನಿ, ಅಷ್ಟೆ.” ಆಟ ಅಂದರೆ ಯಕ್ಷಗಾನ. ನೀವು ನಿಮ್ಮನ್ನು ಏನಂತ ಹೇಳಿಕೊಳ್ತೀರಿ ಅಂತಲೂ ಕೇಳಿದೆ. “ಗಂಡಸು ಅಂತಾನೇ. ಸೀರೆ ಇಷ್ಟ” ಅಂದರು.

ಅವರ ಮಾತು ನ್ಯಾಯವಾಗಿದೆ ಅಂತ ನನಗೆ ಅನಿಸುತ್ತದೆ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವೇಷ ಅನ್ನುವುದು ಕಲೆಯ ಜಾಗದಲ್ಲಿ ಗೌರವದ ಪದವೇ. ಶೃಂಗೇರಿ, ಕೊಪ್ಪದ ಕಡೆ ಆಟ ನೋಡಿ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷ ಒಂದು ದೊಡ್ಡ ವಿಭಾಗ. ಗರತಿ ವೇಷವೇ ಬೇರೆ, ಪ್ರಮೀಳೆಯಂಥ ವೀರ ಹೆಣ್ಣುಗಳ ಕಸೆ ಸ್ತ್ರೀವೇಷವೇ ಬೇರೆ. ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಕೋಳ್ಯೂರು ರಾಮಚಂದ್ರ ರಾಯರು ಸ್ತ್ರೀವೇಷದಿಂದಲೇ ಹೆಸರಾದವರು. ಉತ್ತರದ ಶೈಲಿಯಾದ ಬಡಗುತಿಟ್ಟಿನಲ್ಲಿ ಮಂಟಪ ಪ್ರಭಾಕರ ಉಪಾಧ್ಯರು ಹೆಣ್ಣುವೇಷವನ್ನೇ ಏಕವ್ಯಕ್ತಿ ಪ್ರದರ್ಶನವಾಗಿ ಬೆಳೆಸಿದರು. ಇತ್ತ ಹಾಸನದ ಬಯಲು ಸೀಮೆಯಲ್ಲಿ, ಮೂಡಲಪಾಯ ಬಯಲಾಟದಲ್ಲೂ ಹಳ್ಳಿಯ ಪೌರಾಣಿಕ ನಾಟಕಗಳಲ್ಲೂ ಗಂಡಸರೇ ಹೆಣ್ಣಾಗಿ ಕುಣಿದಿದ್ದಾರೆ, ಹಾಡಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ‘ಪಾರ್ಟು’ ಅನ್ನುವುದೇ ಜಾಸ್ತಿ. “ಅವ್ರು ದ್ರೌಪದಿ ಪಾರ್ಟ್ ಮಾಡ್ತಿದ್ರು” ಅಂದರೆ ಮುಗಿಯಿತು. ಸೀರೆಯ ಮಾತೇ ಅಲ್ಲಿ ಬರುವುದಿಲ್ಲ.

ಆದರೆ ರಂಗದಿಂದ ಕೆಳಗೆ ಇಳಿದ ಕೂಡಲೇ ‘ವೇಷ’ದ ಅರ್ಥ ಕೆಡುತ್ತದೆ. ಹಗಲುವೇಷ ಒಂದು ಕಲೆ, ಅದನ್ನೇ ಬದುಕಾಗಿ ಮಾಡಿಕೊಂಡ ಜನ ಇದ್ದಾರೆ. ಆದರೂ “ಎಲ್ಲಾ ಹಗಲುವೇಷ ಬಿಡಿ” ಅಂದರೆ ಮೋಸ ಅಂತಲೇ ಅರ್ಥ. ಮಾರುವೇಷ ಅಂದರೆ ತಾನು ಯಾರು ಅಂತ ಮುಚ್ಚಿಡುವುದು. “ವೇಷ ಕಳಚಿತು” ಅಂದರೆ ಸುಳ್ಳು ಬಯಲಾಯಿತು. ಸಂಸ್ಕೃತದಲ್ಲಿ ವೇಷ ಅಂದರೆ ಬರೀ ಉಡುಪು, ಕನ್ನಡದಲ್ಲೂ ‘ವೇಷಭೂಷಣ’ ಅಂದಾಗ ಕೆಟ್ಟ ಅರ್ಥ ಇಲ್ಲ ಅಂತ ಕೆಲವರು ಹೇಳಬಹುದು. ನಿಜ. ಆದರೆ ಫೋಟೋದ ಕೆಳಗೆ ‘ಸ್ತ್ರೀವೇಷದಲ್ಲಿ’ ಅಂತ ಓದಿದವರು ಸಂಸ್ಕೃತ ನಿಘಂಟು ತೆರೆಯುವುದಿಲ್ಲ. ಒಳಗೆ ಬೇರೆ ಯಾರೋ ಇದ್ದಾರೆ, ಮೇಲೆ ತೋರಿಕೆ ಮಾತ್ರ ಅಂತಲೇ ತಿಳಿಯುತ್ತಾರೆ. ಆ ರೈಟರ್ ಮೀಸೆಯನ್ನೂ ಮುಚ್ಚಿಲ್ಲ, ಹೆಸರನ್ನೂ ಬದಲಿಸಿಲ್ಲ. ತೋರಿಕೆ ಎಲ್ಲಿದೆ?

ಇನ್ನೊಂದು ವಿಷಯ ಗಮನಿಸಿ. ಉಟ್ಟವರು ಯಾರು ಅನ್ನುವುದರ ಮೇಲೆ ನಾವು ಪದವನ್ನೇ ಬದಲಿಸುತ್ತೇವೆ. ದೇವರಾದರೆ ವೇಷ ಅನ್ನುವುದಿಲ್ಲ. ವಿಷ್ಣು ದೇವಸ್ಥಾನಗಳಲ್ಲಿ ಉತ್ಸವಮೂರ್ತಿಗೆ ಸೀರೆ ಉಡಿಸಿ, ಹೂ ಮುಡಿಸಿದರೆ ಅದು ‘ಮೋಹಿನಿ ಅಲಂಕಾರ’. ಬೇಲೂರಿನಲ್ಲಿ 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ನವರಂಗದಲ್ಲಿ ಮೋಹಿನಿಯ ಕಂಬವೇ ಇದೆ. ಅದನ್ನು ತೋರಿಸುತ್ತಾ ‘ವಿಷ್ಣುವಿನ ಸ್ತ್ರೀವೇಷ’ ಅಂತ ಯಾರಾದರೂ ಹೇಳುತ್ತಾರಾ? ಅಲ್ಲಿ ಅದು ಅವತಾರ. ಬೆಂಗಳೂರು ಕರಗದಲ್ಲಿ, ಚೈತ್ರ ಹುಣ್ಣಿಮೆಯ ರಾತ್ರಿ, ಅರ್ಚಕರು ಸೀರೆ ಉಟ್ಟು, ಬಳೆ ತೊಟ್ಟು, ತಾಳಿ ಕಟ್ಟಿಕೊಂಡು ಹೊರಡುತ್ತಾರೆ. ಜನ ಹೇಳುವುದು “ಕರಗ ಹೊತ್ತಿದ್ದಾರೆ” ಅಂತ. ಹೊರುವುದು ಮುಖ್ಯ, ಉಟ್ಟಿದ್ದು ಅದರ ಜೊತೆ ಬಂದದ್ದು. ದೇವರಿಗೆ ಅಲಂಕಾರ, ಅರ್ಚಕರಿಗೆ ಸೇವೆ, ಕಲಾವಿದರಿಗೆ ವೇಷ ಅಥವಾ ಪಾರ್ಟು. ಬೀದಿಯಲ್ಲಿ ನಡೆದುಹೋಗುವ ಹುಡುಗನಿಗೆ ಉಳಿಯುವುದು ‘ಹೆಣ್ಣಿಗ’ ಮತ್ತು ಅದಕ್ಕಿಂತ ಹೊಲಸಾದ ಒಂದೆರಡು ಬೈಗುಳ. ಅವು ಎಲ್ಲರಿಗೂ ಗೊತ್ತು, ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಈ ಹುಡುಕಾಟದಲ್ಲಿ ನನಗೆ ಜಾಸ್ತಿ ಕೆಲಸಕ್ಕೆ ಬಂದದ್ದು ವಿರಾಟಪರ್ವ. ಮಳೆ ಕೈಕೊಟ್ಟರೆ ನಮ್ಮ ಕಡೆ ವಿರಾಟಪರ್ವ ಓದಿಸುವ ವಾಡಿಕೆ ಇದೆಯಲ್ಲ. ಮಳೆ ಬರಲಿ ಅಂತ ಊರವರೆಲ್ಲ ಕೂತು ಕೇಳುವ ಆ ಕಥೆಯಲ್ಲಿ ಹೆಣ್ಣುಡುಗೆ ಉಟ್ಟ ಗಂಡಸರು ಇಬ್ಬರು. ಅರ್ಜುನ ಮತ್ತು ಭೀಮ. ಇಬ್ಬರ ಬಗ್ಗೆ ನಾವು ಹೇಗೆ ಮಾತಾಡುತ್ತೇವೆ ನೋಡಿ. ಭೀಮ ಕೀಚಕನನ್ನು ಕೊಲ್ಲಲು ಸೈರಂಧ್ರಿಯ ಬದಲು ತಾನೇ ಸೀರೆ ಉಟ್ಟು ನಾಟ್ಯಶಾಲೆಯಲ್ಲಿ ಕಾಯುತ್ತಾನೆ. ಅದು ಒಂದು ರಾತ್ರಿಯ ಉಪಾಯ. “ಭೀಮ ಹೆಣ್ಣಿನ ವೇಷ ಹಾಕಿದ” ಅನ್ನುತ್ತೇವೆ. ಸರಿಯಾದ ಮಾತು, ಕೀಚಕನಿಗೆ ತಿಳಿಯಬಾರದು ಅಂತಲೇ ಹಾಕಿದ್ದು. ಅರ್ಜುನನಿಗೆ ಬಂದರೆ “ಅರ್ಜುನ ಬೃಹನ್ನಳೆ ಆದ” ಅನ್ನುತ್ತೇವೆ. ಊರ್ವಶಿಯ ಶಾಪ, ಒಂದು ವರ್ಷದ ಬಾಳು, ಉತ್ತರೆಗೆ ನಾಟ್ಯ ಕಲಿಸುವ ಕೆಲಸ. ಬೃಹನ್ನಳೆಯ ವೇಷ ಹಾಕಿದ ಅಂದರೆ ನಾಟಕದ ಪಾರ್ಟಿನ ಮಾತು ಅನಿಸುತ್ತದೆ. ಕಥೆಯ ಒಳಗೆ ನಿಂತು ಹೇಳುವವರು ‘ಆದ’ ಅಂತಲೇ ಹೇಳುತ್ತಾರೆ. ಕೇಳುವ ಜನಕ್ಕೆ ಈ ವ್ಯತ್ಯಾಸ ಯಾರೂ ಪಾಠ ಮಾಡಿಲ್ಲ. ಭಾಷೆ ತಾನಾಗಿಯೇ ಹಾಕುವುದನ್ನೂ ಆಗುವುದನ್ನೂ ಬೇರೆ ಮಾಡಿಟ್ಟಿದೆ.

ಈ ‘ಆಗು’ ಅನ್ನುವುದನ್ನು ಎಚ್ಚರದಿಂದ ಬಳಸಬೇಕು. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಡುವ ಜೋಗಪ್ಪಗಳು ಉತ್ತರ ಕರ್ನಾಟಕದಲ್ಲಿ ಇದ್ದಾರೆ. ಜೋಗತಿ ನೃತ್ಯದಿಂದ ಹೆಸರಾದ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಮಂಜಮ್ಮನವರು ಹೆಣ್ಣು. ಅವರನ್ನು ‘ಸೀರೆ ಉಟ್ಟ ಗಂಡಸು’ ಅಂತ ಬರೆದರೆ ಅದು ತಪ್ಪು ಮಾಹಿತಿ, ಜೊತೆಗೆ ಅವಮಾನ. ತಾವು ಯಾರು ಅಂತ ಹೇಳಿಕೊಳ್ಳುವ ಹಕ್ಕು ಅವರವರದೇ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಅನ್ನುವ ಪದ ಈಗ ಪತ್ರಿಕೆಗಳಲ್ಲಿ ಚೆನ್ನಾಗಿ ನೆಲೆಸಿದೆ. ಅದು ಬೇಕಾದ ಪದವೇ. ಆದರೆ ನಮ್ಮ ರೈಟರ್ ತಮ್ಮನ್ನು ಗಂಡಸು ಅಂತಲೇ ಹೇಳಿಕೊಳ್ಳುತ್ತಾರೆ. ಅವರ ಮೇಲೆ ಆ ಪದ ಹೊರಿಸುವುದೂ ಸರಿಯಲ್ಲ.

ಹಾಗಾದರೆ ಉಳಿದದ್ದು ‘ಉಡು’. ನೋಡಿದರೆ ಇದರಷ್ಟು ಸರಿಯಾದ ಮಾತು ಇನ್ನೊಂದಿಲ್ಲ. ಕನ್ನಡದಲ್ಲಿ ಉಡುಗೆಗೆ ಕ್ರಿಯಾಪದ ಬರುವುದು ಬಟ್ಟೆಯನ್ನು ನೋಡಿ. ಸುತ್ತಿಕೊಳ್ಳುವುದಕ್ಕೆ ಉಡು, ಮೈಗೆ ತೂರಿಸುವುದಕ್ಕೆ ತೊಡು. ಸೀರೆಯನ್ನೂ ಉಡುತ್ತೇವೆ, ಪಂಚೆಯನ್ನೂ ಉಡುತ್ತೇವೆ. ರವಿಕೆಯನ್ನೂ ತೊಡುತ್ತೇವೆ, ಅಂಗಿಯನ್ನೂ ತೊಡುತ್ತೇವೆ. ಹೂವಿಗೆ ಮುಡಿ, ಕುಂಕುಮಕ್ಕೆ ಇಡು, ಕಾಡಿಗೆಗೆ ಹಚ್ಚು. ಉಡುವವರು ಗಂಡೋ ಹೆಣ್ಣೋ ಅಂತ ಈ ಪದಗಳು ಕೇಳುವುದೇ ಇಲ್ಲ. ಸೀರೆ ಅನ್ನುವ ಪದವೂ ಹಿಂದೆ ಹೆಂಗಸರಿಗೆ ಮಾತ್ರ ಸೇರಿದ್ದಲ್ಲ. ಕಾಡಿಗೆ ಹೊರಟ ರಾಮ ಲಕ್ಷ್ಮಣರು ಉಟ್ಟದ್ದು ನಾರುಸೀರೆ. ಒಡವೆಯೂ ಅಷ್ಟೆ. ಹಳೇಬೀಡಿನ ಗೋಡೆಯಲ್ಲಿ ಗಂಡು ಮೂರ್ತಿಗಳ ಕಿವಿ, ಕೊರಳು, ತೋಳು ನೋಡಿ. ಹೆಣ್ಣು ಮೂರ್ತಿಗಳಿಗೆ ಇರುವಷ್ಟೇ ಆಭರಣ. ನಮ್ಮ ಹಿಂದಿನ ತಲೆಮಾರಿನ ರೈತರು ಕಿವಿಗೆ ಒಂಟಿ ಹಾಕಿಕೊಂಡೇ ಹೊಲ ಉತ್ತರು. ಯಾವುದು ಹೆಣ್ಣಿನದು, ಯಾವುದು ಗಂಡಿನದು ಅನ್ನುವ ಗೆರೆ ಕಾಲಕ್ಕೆ ತಕ್ಕ ಹಾಗೆ ಸರಿದಾಡಿದೆ. ಬಸವಣ್ಣನವರ ಒಂದು ವಚನದಲ್ಲಂತೂ ದೇವರಿಗಾಗಿ ಗಂಡುಡುಗೆ ಉಟ್ಟಿದ್ದೇನೆ, ಒಮ್ಮೆ ಗಂಡು ಒಮ್ಮೆ ಹೆಣ್ಣು ಆಗುತ್ತೇನೆ ಅನ್ನುವ ಅರ್ಥ ಬರುತ್ತದೆ. ಅಲ್ಲಿ ಗಂಡಿನ ಬಟ್ಟೆಯೂ ಉಟ್ಟುಕೊಂಡದ್ದೇ!

ಮತ್ತೆ ಆ ಫೋಟೋಗೆ ಬರುತ್ತೇನೆ. ರೈಟರ್ ಹಿಂದೆ ಐದಾರು ಹೆಂಗಸರು ಕಾಫಿ ಹರಡುತ್ತಿದ್ದಾರೆ. ಎಲ್ಲರೂ ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಶರ್ಟು ಹಾಕಿದ್ದಾರೆ. ಮಲೆನಾಡಿನ ಯಾವ ತೋಟಕ್ಕೆ ಹೋದರೂ ಇದೇ. ಬೆಳಗಿನ ಚಳಿ, ತರಚುವ ರೆಂಬೆ, ಗಿಡದಿಂದ ಕೊರಳಿಗೆ ಬೀಳುವ ಚಗಳಿ ಇರುವೆ, ಇವಕ್ಕೆಲ್ಲ ಗಂಡನದೋ ಅಣ್ಣನದೋ ಹಳೇ ಶರ್ಟು. ಇದಕ್ಕೆ ಯಾರೂ ಪುರುಷವೇಷ ಅಂದಿಲ್ಲ. ಪದ ಬೇಕು ಅಂತಲೂ ಯಾರಿಗೂ ಅನಿಸಿಲ್ಲ. “ಶರ್ಟ್ ಹಾಕ್ಕೊಂಡಿದಾರೆ” ಅಷ್ಟೆ. ಅದೇ ಚಿತ್ರದಲ್ಲಿ, ಅದೇ ಕಣದಲ್ಲಿ ಗಂಡಸೊಬ್ಬ ಸೀರೆ ಉಟ್ಟರೆ ಮಾತ್ರ ನಮಗೆ ಒಂದು ಹೆಸರು ಬೇಕಾಗುತ್ತದೆ. ಯಾಕೆ ಅಂತ ಯೋಚಿಸಿದರೆ ಸಂಕಟವಾಗುತ್ತದೆ. ಹೆಂಗಸು ಗಂಡಸಿನ ಬಟ್ಟೆ ಹಾಕಿದರೆ ಅನುಕೂಲ, ಗಂಡಸು ಹೆಂಗಸಿನ ಬಟ್ಟೆ ಉಟ್ಟರೆ ಇಳಿತ ಅನ್ನುವ ಲೆಕ್ಕ ಎಲ್ಲೋ ಒಳಗೆ ಕೂತಿದೆ. “ಕೈಗೆ ಬಳೆ ತೊಟ್ಕೊಂಡಿದ್ದೀಯಾ?” ಅನ್ನುವ ಬೈಗುಳ ಅಲ್ಲಿಂದಲೇ ಬಂದದ್ದು. ಕೆಲಸ ಮಾಡದ ಅಧಿಕಾರಿಗೆ ಸೀರೆ, ಬಳೆ, ಕುಂಕುಮ ಕೊಟ್ಟು ಪ್ರತಿಭಟನೆ ಮಾಡುವುದೂ ಅಲ್ಲಿಂದಲೇ. ಆ ಬೈಗುಳ ಗಂಡಸಿಗೆ ಮಾತ್ರ ತಗಲುವುದಿಲ್ಲ. ಬಳೆ ತೊಟ್ಟೇ ದಿನವಿಡೀ ದುಡಿಯುವ ನಮಗೂ ತಗಲುತ್ತದೆ.

ಗೆಳೆಯರು ಕೆಲವು ಪದ ಸೂಚಿಸಿದ್ದಾರೆ. ‘ಕ್ರಾಸ್ ಡ್ರೆಸ್ಸಿಂಗ್’ ಅಂತಲೇ ಬರೆಯಿರಿ ಅಂದರು ಒಬ್ಬರು. ಪೇಟೆಯ ಹುಡುಗರಿಗೆ ಗೊತ್ತು, ಆದರೆ ಪ್ರದರ್ಶನ ನೋಡಲು ತೋಟದವರೂ ಬರುತ್ತಾರೆ. ‘ವ್ಯತ್ಯಸ್ತ ಉಡುಗೆ’ ಅನ್ನುವ ಸಲಹೆಯೂ ಬಂತು. ಓದಿದರೆ ಬಟ್ಟೆ ತಿರುವಿ ಹಾಕಿಕೊಂಡ ಹಾಗೆ ಕೇಳುತ್ತದೆ. ‘ಹೆಣ್ಣುಡುಗೆ’ ನನಗೆ ಹಿಡಿಸಿತು. ಚಿಕ್ಕದು, ಅಚ್ಚ ಕನ್ನಡ, ಬೈಗುಳದ ವಾಸನೆ ಇಲ್ಲ. ಲೇಖನದಲ್ಲಿ ಒಟ್ಟು ವಿಷಯದ ಬಗ್ಗೆ ಬರೆಯುವಾಗ ‘ಹೆಣ್ಣುಡುಗೆ ಉಡುವ ಗಂಡಸರು’ ಅನ್ನಬಹುದು. ಒಬ್ಬ ಮನುಷ್ಯನ ಫೋಟೋದ ಕೆಳಗೆ ಮಾತ್ರ ಅದೂ ಬೇಡ ಅನಿಸುತ್ತದೆ. ಸೀರೆ ಕಣ್ಣೆದುರಿಗೇ ಇದೆ, ಅದು ಯಾರದ್ದು ಅಂತ ನಾವು ಯಾಕೆ ಹೇಳಬೇಕು? ಹಾಗಾಗಿ ನನ್ನ ಕರಡು ಹೀಗಿದೆ: ‘ಕಣದಲ್ಲಿ ಹಾಜರಿ ಬರೆಯುತ್ತಿರುವ ರೈಟರ್, ಹಸಿರು ಸೀರೆ ಉಟ್ಟು. ಹಿಂದೆ, ಶರ್ಟು ತೊಟ್ಟ ಹೆಂಗಸರು.’ ಇಬ್ಬರಿಗೂ ಒಂದೇ ಬಗೆಯ ಮಾತು. ಇದನ್ನು ಅವರಿಗೆ ಓದಿ ಹೇಳಿದೆ, ಒಪ್ಪಿದ್ದಾರೆ.

ಆದರೂ ನಿಮ್ಮಿಂದ ತಿಳಿಯಬೇಕಾದ್ದು ಇದೆ. ಮೂಡಿಗೆರೆ, ಕೊಪ್ಪ, ಕಡೂರು, ಅರಕಲಗೂಡು ಕಡೆ ಮನೆಮಾತಿನಲ್ಲಿ ಇದಕ್ಕೆ ಬೈಗುಳವಲ್ಲದ ಪದ ಏನಾದರೂ ಇದೆಯೇ? ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯ ಹೊರಗೆ, ಮನೆಯಲ್ಲಿ ಸೀರೆ ಉಡುವ ಕಲಾವಿದರ ಬಗ್ಗೆ ಹೇಳುವಾಗ ‘ವೇಷ’ ಅನ್ನುತ್ತಾರೋ ಬೇರೆ ಏನಾದರೂ ಹೇಳುತ್ತಾರೋ? ಮತ್ತೆ, ಸೀರೆಗೆ ‘ಉಡು’ ಸರಿ, ಚೂಡಿದಾರಕ್ಕೂ ನೈಟಿಗೂ ನೀವು ‘ತೊಡು’ ಬಳಸುತ್ತೀರಾ, ಬರೀ ‘ಹಾಕು’ ಅನ್ನುತ್ತೀರಾ? ಬರಹಗಳು ಮುಂದಿನ ವಾರ ಅಚ್ಚಿಗೆ ಹೋಗುತ್ತವೆ. ಅಷ್ಟರಲ್ಲಿ ಬರೆದರೆ ಉಪಕಾರ.