ಸಹಾಯ ಬೇಕು: ಪಾಯದ ಗುಂಡಿ ಕುಸಿದು ಸಾವು, ಕಲಂ 106 ಸಾಕೇ, 105 ಸೇರಿಸಬಹುದೇ?

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಯಲಹಂಕದ ಬಳಿ ಕಟ್ಟಡವೊಂದರ ಪಾಯದ ಗುಂಡಿಯಲ್ಲಿ ಮಣ್ಣು ಕುಸಿದು, ಗಾರೆ ಕೆಲಸ ಮಾಡುತ್ತಿದ್ದ ನನ್ನ ಭಾವ ತೀರಿಕೊಂಡರು. ಎರಡಾಳುದ್ದದ ಆ ಗುಂಡಿಯ ಬದಿಗೆ ಒಂದು ಹಲಗೆಯ ಆಸರೆಯೂ ಇರಲಿಲ್ಲ. ಹಿಂದಿನ ದಿನವೇ ಅಂಚಿನಲ್ಲಿ ಬೆರಳು ತೂರುವಷ್ಟು ಬಿರುಕು ಕಂಡು, ಅದರ ಫೋಟೋ ತೆಗೆದು ಗುತ್ತಿಗೆದಾರರಿಗೆ ವಾಟ್ಸಾಪ್‌ನಲ್ಲಿ ಕಳುಹಿಸಿದ್ದರು; ಆ ಸಂದೇಶ ಈಗಲೂ ಅಕ್ಕನ ಬಳಿ ಇದೆ.

ಪೊಲೀಸರು ಭಾರತೀಯ ನ್ಯಾಯ ಸಂಹಿತೆಯ ಕಲಂ 106(1)ರಡಿ, ಅಂದರೆ ನಿರ್ಲಕ್ಷ್ಯದಿಂದಾದ ಸಾವೆಂದು, ಗುತ್ತಿಗೆದಾರರ ಮೇಲೆ ಮಾತ್ರ ಎಫ್‌ಐಆರ್ ದಾಖಲಿಸಿದ್ದಾರೆ. ಹಳೆಯ ಭಾರತೀಯ ದಂಡ ಸಂಹಿತೆಯ 304ಎ ಕಲಮಿನಲ್ಲಿ 2 ವರ್ಷವಿದ್ದ ಗರಿಷ್ಠ ಶಿಕ್ಷೆ 2024ರ ಜುಲೈ 1ರಿಂದ 5 ವರ್ಷವಾಗಿದ್ದರೂ ಇದು ಜಾಮೀನು ಸಿಗುವ ಅಪರಾಧ. ಗುತ್ತಿಗೆದಾರರು ಅಂದೇ ಹೊರಬಂದರು. ಸಾವು ಸಂಭವಿಸಬಹುದೆಂದು ಗೊತ್ತಿದ್ದೂ ಗುಂಡಿಗೆ ಇಳಿಸಿದ್ದರಿಂದ ಕಲಂ 105 (ಕೊಲೆಯಲ್ಲದ ಮಾನವ ಹತ್ಯೆ) ಸೇರಿಸಿ ಎಂದು ಠಾಣೆಗೆ ಲಿಖಿತ ಮನವಿ ಕೊಟ್ಟೆವು, ಸ್ವೀಕೃತಿ ಪಡೆದೆವು, ಡಿಸಿಪಿ ಕಚೇರಿಗೂ ಅಲೆದೆವು. ಉತ್ತರ ಬಂದಿಲ್ಲ.

ಒಂದು ವಾಟ್ಸಾಪ್ ಸಂದೇಶ ‘ಗೊತ್ತಿತ್ತು’ ಎಂಬುದಕ್ಕೆ ಸಾಕಾಗುತ್ತದೆಯೇ? ಕಲಂ ಬದಲಿಸಲು ಆರೋಪಪಟ್ಟಿಗೂ ಮುನ್ನವೇ ನಾವು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದೇ, ಅಥವಾ ಆರೋಪಪಟ್ಟಿ ಬರುವವರೆಗೆ ಕಾಯಲೇಬೇಕೇ? ಇಂತಹ ಪ್ರಕರಣ ನಡೆಸಿದವರು ದಯವಿಟ್ಟು ತಿಳಿಸಿ.