ಡಿಎಸ್‌ಎಲ್20, ಮೈಕ್ರೋ ಟೆರರ್, ಬ್ಲೂಸ್ ಜೂನಿಯರ್: ಮೂರಕ್ಕೂ ಒಂದೇ ಕ್ಯಾಬ್ ಆಗ್ತದಾ?

ಕುಂಬಳೆ ಗಿಟಾರ್

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಾಕ್ಟೀಸ್ ರೂಮಿನಲ್ಲಿ ಮೂರು ಗಿಟಾರ್ ಆಂಪ್ ಉಂಟು: ಮಾರ್ಷಲ್ ಡಿಎಸ್‌ಎಲ್20 ಹೆಡ್, ಆರೆಂಜ್ ಮೈಕ್ರೋ ಟೆರರ್, ಫೆಂಡರ್ ಬ್ಲೂಸ್ ಜೂನಿಯರ್ ಕಾಂಬೋ. ಕಾಂಬೋದಲ್ಲಿ ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ. ಉಳಿದೆರಡು ಹೆಡ್, ಅಂದರೆ ಆಂಪ್ ಮಾತ್ರ, ಅವಕ್ಕೆ ಸ್ವಂತ ಕ್ಯಾಬ್ (ಸ್ಪೀಕರ್ ಪೆಟ್ಟಿಗೆ) ಇಲ್ಲ. ಬ್ಲೂಸ್ ಜೂನಿಯರ್‌ನ ಸ್ವರ ಡಬ್ಬದೊಳಗಿಂದ ಬಂದ ಹಾಗೆ ಕೇಳ್ತದೆ, ಹಾಗಾಗಿ ಅದನ್ನೂ ಹೊರಗಿನ ಕ್ಯಾಬಿಗೆ ಹಾಕುವ ಆಲೋಚನೆ. ಮೂರಕ್ಕೂ ಆಗುವ ಒಂದೇ ಕ್ಯಾಬ್ ಬೇಕು.

ಹೆಚ್ಚಾಗಿ ರೂಮಿನಲ್ಲೇ ಇರ್ತದೆ. ಆಗೊಮ್ಮೆ ಈಗೊಮ್ಮೆ ಬೇಳ ಕಡೆಯ ಹಾಲ್‌ಗೆ, ಕಾಸರಗೋಡಿನ ಕಾಲೇಜ್ ಡೇಗೆ ಆಟೋದಲ್ಲಿ ಹೋಗಬೇಕು. ಕೇಳುವುದು ಇಷ್ಟು: ಒಂದು 12 ಇಂಚು ಸಾಕಾ, ಎರಡು ಬೇಕಾ? 8 ಓಮಾ, 16 ಓಮಾ? ಯಾವ ಸ್ಪೀಕರ್? ಇಲ್ಲಿಯ ಆಚಾರಿಯವರ ಹತ್ತಿರ ಮಾಡಿಸಿದರೆ ಆದೀತಾ? ಮೈಕ್ ಸೆಟ್‌ನವರ ಹತ್ತಿರ 12 ಇಂಚು ಪ್ಲಸ್ ಹಾರ್ನ್ ಇರುವ ಹಳೆಯ ಬಾಕ್ಸ್ ಉಂಟು, ಅದನ್ನೇ ಬಳಸಬಹುದಾ?

ಓಮ್ ಲೆಕ್ಕ

ಸ್ಪೀಕರಿನ ಹೆಸರು ಆಮೇಲೆ. ಮೊದಲು ಓಮ್ (ಸ್ಪೀಕರ್ ಆಂಪಿಗೆ ಒಡ್ಡುವ ತಡೆ, ಅದೇ ಆಂಪಿನ ಲೋಡ್) ತೀರ್ಮಾನ ಆಗಲಿ, ಯಾಕೆಂದರೆ ಟೋನ್ ಹಿಡಿಸದಿದ್ದರೆ ಸ್ಪೀಕರ್ ಬದಲಿಸಬಹುದು, ಆಂಪಿನೊಳಗಿಂದ ಸ್ಪೀಕರಿಗೆ ಶಕ್ತಿ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಆಂಪೇ ಮೂಲೆಗೆ.

ಡಿಎಸ್‌ಎಲ್20ರ ಹಿಂದೆ 16 ಓಮಿಗೆ ಬೇರೆ, 8 ಓಮಿಗೆ ಬೇರೆ ಜ್ಯಾಕ್ ಉಂಟು. ಮೈಕ್ರೋ ಟೆರರಿನಲ್ಲಿ ಪ್ರೀಆಂಪಿಗೆ (ಸ್ವರ ರೂಪಿಸುವ ಮೊದಲ ಹಂತಕ್ಕೆ) ಮಾತ್ರ ಒಂದು ಟ್ಯೂಬ್ (ವಾಲ್ವ್). ಪವರ್ ಭಾಗ ಸಾಲಿಡ್ ಸ್ಟೇಟ್ (ಟ್ರಾನ್ಸಿಸ್ಟರಿನದು), 8 ಓಮಿಗೆ 20 ವಾಟ್, ಅದಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಬ್ಲೂಸ್ ಜೂನಿಯರ್ 15 ವಾಟಿನದು, 8 ಓಮ್ ಬಿಟ್ಟರೆ ಅದಕ್ಕೆ ಬೇರೆ ಆಯ್ಕೆ ಇಲ್ಲ. ಅದರ ಒಳಗಿನ ಸ್ಪೀಕರ್ ವಯರು ಜ್ಯಾಕಿನಲ್ಲೇ ಸಿಕ್ಕಿಸಿರ್ತದೆ. ಅದನ್ನು ಎಳೆದು ಆ ಜಾಗಕ್ಕೆ ಹೊರಗಿನ ಕ್ಯಾಬ್ ಹಾಕಿದರಾಯ್ತು. ಅಂದರೆ ಮೂರೂ ಒಪ್ಪುವ ಅಂಕೆ 8 ಒಂದೇ.

ಹೆಚ್ಚಿನವರು ತಪ್ಪುವುದು ಇದರ ಮುಂದೆ. "8 ಓಮ್ ಕ್ಯಾಬ್ ಬೇಕು" ಅಂತ ಎರಡು 8 ಓಮ್ ಸ್ಪೀಕರ್ ತರಿಸ್ತಾರೆ. ಅವನ್ನು ಪ್ಯಾರಲಲ್ (ಎರಡಕ್ಕೂ ಆಂಪಿನಿಂದ ಬೇರೆ ಬೇರೆ ದಾರಿ) ಜೋಡಿಸಿದರೆ 4, ಸೀರೀಸ್ (ಒಂದರ ಮೂಲಕ ಇನ್ನೊಂದಕ್ಕೆ) ಜೋಡಿಸಿದರೆ 16. ಎಂಟು ಯಾವ ರೀತಿಯಲ್ಲೂ ಬರುವುದಿಲ್ಲ. 2x12 (12 ಇಂಚಿನ ಎರಡು ಸ್ಪೀಕರಿನ ಕ್ಯಾಬ್) ಮಾಡಿಸುವುದಾದರೆ 16 ಓಮಿನ ಎರಡು ಸ್ಪೀಕರ್ ತೆಗೆದುಕೊಂಡು ಪ್ಯಾರಲಲ್ ಹಾಕಿ, 8 ಸಿಗ್ತದೆ. ಒಂದೇ ಸ್ಪೀಕರಿನ ಕ್ಯಾಬ್ ಆದರೆ ನೇರವಾಗಿ 8 ಓಮಿನದು.

ಪ್ಯಾರಲಲ್‌ಗೆ ಇನ್ನೊಂದು ಒಳ್ಳೆಯ ಗುಣ ಉಂಟು. ಕಾರ್ಯಕ್ರಮದ ನಡುವೆ ಒಂದು ಸ್ಪೀಕರಿನ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿ ಸುರುಳಿ) ಕಡಿದುಹೋದರೂ ಇನ್ನೊಂದು ಕೆಲಸ ಮಾಡ್ತದೆ, ಆಂಪಿಗೆ ಲೋಡ್ ಪೂರ್ತಿ ತಪ್ಪುವುದಿಲ್ಲ. ಸೀರೀಸಿನಲ್ಲಿ ಒಂದು ಹೋದರೆ ಎರಡೂ ಮೌನ, ಟ್ಯೂಬ್ ಆಂಪ್ ಲೋಡೇ ಇಲ್ಲದೆ ನಿಲ್ತದೆ. ಆಗ ಟ್ರಾನ್ಸ್‌ಫಾರ್ಮರಿನ ಶಕ್ತಿಗೆ ಹೋಗಲು ದಾರಿ ಇಲ್ಲದೆ ವೋಲ್ಟೇಜ್ ಜಿಗಿದು, ಸುತ್ತಿನ ಇನ್ಸುಲೇಶನ್ ಅಥವಾ ಟ್ಯೂಬ್ ಸಾಕೆಟಿನಲ್ಲಿ ಕಿಡಿ ಹಾರಬಹುದು. ಸಾಲಿಡ್ ಸ್ಟೇಟ್ ಇದಕ್ಕೆ ತಿರುಗುಮುರುಗು: ಲೋಡ್ ಇಲ್ಲದಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಓಮ್ ತೀರಾ ಕಡಿಮೆಯಾದರೆ ಕರೆಂಟ್ ಹೆಚ್ಚು ಎಳೆದು ಔಟ್‌ಪುಟ್ ಟ್ರಾನ್ಸಿಸ್ಟರ್ ಬಿಸಿಯಾಗಿ ಸಾಯ್ತದೆ. ಆದ್ದರಿಂದ ಕ್ಯಾಬ್ ಬದಲಿಸುವಾಗ ಪ್ರತಿ ಸಲವೂ ಆಂಪ್ ಆಫ್ ಮಾಡಿ, ಪಿನ್ ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ಆನ್.

ವಾಟ್ ವಿಷಯ: ಕ್ಯಾಬಿನ ಒಟ್ಟು ವಾಟ್ ಆಂಪಿನ ಒಂದೂವರೆಯಿಂದ ಎರಡು ಪಟ್ಟು ಇರಲಿ. ಟ್ಯೂಬ್ ಆಂಪನ್ನು ಪೂರ್ತಿ ತಿರುಗಿಸಿ ಡಿಸ್ಟಾರ್ಟ್ ಮಾಡಿದಾಗ ಅದು ಬರೆದ ವಾಟಿಗಿಂತ ಹೆಚ್ಚೇ ಕೊಡ್ತದೆ. 25 ವಾಟಿನ ಗ್ರೀನ್‌ಬ್ಯಾಕ್ (ಸೆಲೆಸ್ಟಿಯನ್ ಕಂಪೆನಿಯ ಗಿಟಾರ್ ಸ್ಪೀಕರ್) ಎರಡಿದ್ದರೆ 50 ಆಯ್ತು, ನಿಮ್ಮ ಮೂರಕ್ಕೂ ಸಾಕು. ಡಿಎಸ್‌ಎಲ್20ಕ್ಕೆ ಗ್ರೀನ್‌ಬ್ಯಾಕ್ ಒಂದೇ ಹಾಕಿದರೆ ಅಂಚಿನಲ್ಲಿ ನಡೆದ ಹಾಗೆ.

ಹಾರ್ನ್ ಇರುವ ಬಾಕ್ಸ್ ಬೇಡ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ಆದ ಮೇಲೆ ತಾನಾಗಿಯೇ ಇಳಿಯುತ್ತದೆ. ಡಿಸ್ಟಾರ್ಶನ್ನಿನ ಕರಕರ ಅಲ್ಲಿಯೇ ಸೋಸಿಹೋಗುವುದು. ಹಾರ್ನ್ ಅದನ್ನೆಲ್ಲ ಕಿವಿಗೆ ತಂದು ಹಾಕ್ತದೆ.

ಬದಿಯಡ್ಕ ಟೋನ್

ಓಮ್ ಬಗ್ಗೆ "ಓಮ್ ಲೆಕ್ಕ"ದವರು ಮೇಲೆ ಹೇಳಿದ್ದಕ್ಕೆ ಸೇರಿಸಲಿಕ್ಕೆ ಏನಿಲ್ಲ. ಸ್ಪೀಕರ್ ಆಯ್ಕೆಗೆ ಬರ್ತೇನೆ.

ವಾಟಿಗಿಂತ ಹೆಚ್ಚು ಗಮನ ಕೊಡಬೇಕಾದದ್ದು ಸೆನ್ಸಿಟಿವಿಟಿಗೆ, ಅಂದರೆ ಅಷ್ಟೇ ವಾಟಿಗೆ ಸ್ಪೀಕರ್ ಎಷ್ಟು ಜೋರು ಅನ್ನುವುದಕ್ಕೆ. ಸೆಲೆಸ್ಟಿಯನ್ ಕೊಡುವ ಅಂಕೆಗಳಲ್ಲಿ ವಿಂಟೇಜ್ 30ಕ್ಕೆ 100 ಡಿಬಿ, ಗ್ರೀನ್‌ಬ್ಯಾಕಿಗೆ 98, ಜಿ12ಎಂ-65 ಕ್ರೀಮ್‌ಬ್ಯಾಕಿಗೆ 97. ನೋಡಲಿಕ್ಕೆ ಸಣ್ಣ ವ್ಯತ್ಯಾಸ. ಆದರೆ 3 ಡಿಬಿ ಅಂದರೆ ಆಂಪಿನ ವಾಟ್ ದುಪ್ಪಟ್ಟು ಮಾಡಿದಷ್ಟು. 15 ವಾಟಿನ ಬ್ಲೂಸ್ ಜೂನಿಯರ್ ಡ್ರಮ್ಮಿನ ಎದುರು ಕ್ಲೀನ್ ಆಗಿ ನಿಲ್ಲಬೇಕಾದರೆ ಈ ಅಂಕೆಯೇ ಕಾಯುವುದು.

ಹಾಗಂತ ಕಣ್ಣುಮುಚ್ಚಿ ವಿಂಟೇಜ್ 30 ತೆಗೆದುಕೊಳ್ಳಬೇಡಿ. 2ರಿಂದ 3 ಕಿಲೋಹರ್ಟ್ಸ್ ಸುತ್ತ ಅದರ ಮಿಡ್ (ನಡುವಿನ ಸ್ವರ) ಎದ್ದು ನಿಲ್ತದೆ. ದಪ್ಪ, ಮಂಕು ಗೇನ್ (ಡಿಸ್ಟಾರ್ಶನ್) ಇರುವ ಆಂಪಿಗೆ ಅದು ವರ. ಪಾಮ್ ಮ್ಯೂಟ್ (ತಂತಿಗೆ ಅಂಗೈ ತಾಗಿಸಿ ನುಡಿಸುವುದು) ಬಿಗಿಯಾಗಿ ಬರ್ತದೆ. ಡಿಎಸ್‌ಎಲ್‌ನ ಲೀಡ್ ಚಾನೆಲ್ ಮೊದಲೇ ಚೂಪು, ಮೈಕ್ರೋ ಟೆರರ್ ಅದಕ್ಕಿಂತ ಚೂಪು. ಶೀಟಿನ ಮಾಡಿನ ಹಾಲ್‌ನಲ್ಲಿ, ನುಣ್ಣಗೆ ಸಾರಣೆ ಮಾಡಿದ ಗೋಡೆಗಳ ನಡುವೆ ಅದೇ ಚೂಪು ನಾಲ್ಕು ಕಡೆಯಿಂದ ತಿರುಗಿ ಬರ್ತದೆ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳಬೇಕು. ನಿಮ್ಮ ಮೂರು ಆಂಪಿಗೆ ನನ್ನ ಆಯ್ಕೆ ಒಂದು ಗ್ರೀನ್‌ಬ್ಯಾಕ್, ಒಂದು ವಿಂಟೇಜ್ 30, ಎರಡೂ 16 ಓಮ್. ಗ್ರೀನ್‌ಬ್ಯಾಕ್ ಮೇಲಿನ ಸ್ವರಗಳನ್ನು ಮೆತ್ತಗೆ ಮಾಡ್ತದೆ, ವಿಂಟೇಜ್ 30 ಡ್ರಮ್ಮಿನ ನಡುವೆ ಗಿಟಾರನ್ನು ಮುಂದೆ ತರ್ತದೆ. ಮಿಶ್ರ ಮಾಡುವಾಗ ಎರಡು ನಿಯಮ: ಎರಡರ ಓಮ್ ಒಂದೇ ಇರಬೇಕು, ವಾಟ್ ಲೆಕ್ಕ ಚಿಕ್ಕದರ ಎರಡು ಪಟ್ಟು. ಇಲ್ಲಿ 25ರ ಎರಡು ಪಟ್ಟು 50 ಅಂತ ಹಿಡಿಯಬೇಕು, 25 ಮತ್ತು 60 ಕೂಡಿಸಿ 85 ಅಲ್ಲ, ಯಾಕೆಂದರೆ ಇಬ್ಬರಿಗೂ ಸಮಪಾಲು ಹೋಗ್ತದೆ.

ಮುಂದೆ 50 ವಾಟಿನ ಹೆಡ್ ತೆಗೆದುಕೊಳ್ಳುವ ಅಂದಾಜು ಇದ್ದರೆ ಗ್ರೀನ್‌ಬ್ಯಾಕ್ ಜಾಗದಲ್ಲಿ ಜಿ12ಎಂ-65 ಹಾಕಿ. ಸ್ವಭಾವ ಹತ್ತಿರ ಹತ್ತಿರ ಅದೇ, ತಡೆದುಕೊಳ್ಳುವ ಶಕ್ತಿ ಹೆಚ್ಚು.

ಬ್ಲೂಸ್ ಜೂನಿಯರ್‌ನ ಡಬ್ಬದ ಸ್ವರಕ್ಕೆ ಕಾರಣ ಸ್ಪೀಕರಿಗಿಂತ ಹೆಚ್ಚಾಗಿ ಅದರ ಪುಟ್ಟ ಪೆಟ್ಟಿಗೆ. ದೊಡ್ಡ ಕ್ಯಾಬಿಗೆ ಹಾಕಿದ ಕೂಡಲೇ ಕೆಳಗಿನ ಸ್ವರ ತುಂಬಿಕೊಳ್ಳುವುದು ಸ್ಪಷ್ಟವಾಗಿ ಕೇಳ್ತದೆ. ಫೆಂಡರಿನ ಗಾಜಿನಂಥ ಕ್ಲೀನ್ ಮಾತ್ರ ಬೇಕಾದವರಿಗೆ ಜೆನ್ಸನ್ ಸಿ12ಎನ್ ಥರದ್ದು ಚೆಂದ, ಆದರೆ ಡಿಎಸ್‌ಎಲ್ ಗೇನಿಗೆ ಅದು ಒರಟು. ಒಂದೇ ಕ್ಯಾಬ್ ಅಂದ ಮೇಲೆ ಅದನ್ನು ಬಿಡಿ.

ಹಿಂಬದಿಯ ಹಲಗೆಯನ್ನು ಮೂರು ತುಂಡು ಮಾಡಿಸಿ, ನಡುವಿನದ್ದು ಸ್ಕ್ರೂ ಬಿಚ್ಚಿ ತೆಗೆಯುವ ಹಾಗಿರಲಿ. ಮುಚ್ಚಿದರೆ ಬೇಸ್ ಬಿಗಿ, ಸ್ವರ ನೇರ ಮುಂದಕ್ಕೆ. ಡಿಎಸ್‌ಎಲ್ ಗೇನಿಗೆ ಅದು. ತೆರೆದರೆ ಸ್ವರ ರೂಮೆಲ್ಲ ಹರಡ್ತದೆ, ಬ್ಲೂಸ್ ಜೂನಿಯರಿಗೆ ಹಿತ. ತೆರೆದಾಗ ಗೋಡೆಯಿಂದ ಒಂದೆರಡು ಅಡಿ ಮುಂದೆ ಇಡಿ.

ಮಂಜೇಶ್ವರ ಕೀಸ್

ಆಟೋದ ಮಾತು ಯಾರೂ ಎತ್ತಲಿಲ್ಲ ಮಾರಾಯ್ರೇ. 18 ಮಿ.ಮೀ. ಪ್ಲೈಯ 2x12 ಅಂದರೆ ಒಬ್ಬನೇ ಮೆಟ್ಟಿಲು ಹತ್ತಿಸುವ ವಸ್ತು ಅಲ್ಲ. ವಿಂಟೇಜ್ 30 ಒಂದೇ 4.7 ಕಿಲೋ. ಒಂದು 2x12ರ ಬದಲು 16 ಓಮಿನ ಎರಡು 1x12 ಮಾಡಿಸಿದರೆ? ಪ್ರತಿಯೊಂದರಲ್ಲೂ ಎರಡು ಜ್ಯಾಕ್ ಪ್ಯಾರಲಲ್ ಇಟ್ಟರೆ ಒಂದರಿಂದ ಇನ್ನೊಂದಕ್ಕೆ ವಯರ್ ಎಳೆದು 8 ಮಾಡಬಹುದಲ್ಲಾ.

ಇನ್ನೊಂದು: ನಮ್ಮಲ್ಲಿ ಒಬ್ಬರು ಮಾಡೆಲರ್ (ಆಂಪ್, ಕ್ಯಾಬಿನ ಸ್ವರವನ್ನು ಅನುಕರಿಸುವ ಡಿಜಿಟಲ್ ಯಂತ್ರ) ಬಳಸ್ತಾರೆ. ಅದನ್ನು ಈ ಕ್ಯಾಬಿಗೆ ಹಾಕಬಹುದಾ?

ಓಮ್ ಲೆಕ್ಕ

ಎರಡು 1x12 ಒಳ್ಳೆಯ ದಾರಿಯೇ, ಒಂದು ಷರತ್ತಿನ ಮೇಲೆ. ಒಂದನ್ನೇ ಕೊಂಡೊಯ್ದ ದಿನ ಲೋಡ್ 16 ಓಮ್. ಡಿಎಸ್‌ಎಲ್‌ನ 16ರ ಜ್ಯಾಕಿಗೆ ಸರಿ. ಮೈಕ್ರೋ ಟೆರರಿಗೂ ತೊಂದರೆ ಇಲ್ಲ, ಪವರ್ ಸುಮಾರು ಅರ್ಧ ಆಗ್ತದೆ, ಕಿವಿಗೆ ಸ್ವಲ್ಪವೇ ಕಡಿಮೆ. ಬ್ಲೂಸ್ ಜೂನಿಯರಿಗೆ ಮಾತ್ರ ಒಂಟಿ ಕ್ಯಾಬ್ ಬೇಡ. ಗ್ರೀನ್‌ಬ್ಯಾಕ್ ಇರುವ ಕ್ಯಾಬ್ ಒಂಟಿಯಾಗಿ ಡಿಎಸ್‌ಎಲ್‌ಗೆ ಹೋಗುವುದಾದರೆ ಫುಲ್ ವಾಲ್ಯೂಮ್ ಬೇಡ. ಕ್ಯಾಬಿನ ಹಿಂದೆ ಮಾರ್ಕರಿನಲ್ಲಿ "16 ಓಮ್" ಅಂತ ದೊಡ್ಡದಾಗಿ ಬರೆದಿಡಿ, ಕತ್ತಲೆಯ ಸ್ಟೇಜಿನಲ್ಲಿ ಇನ್ನೊಬ್ಬರು ಜೋಡಿಸುವ ಸಂದರ್ಭ ಬಂದೇ ಬರ್ತದೆ.

ಹೆಚ್ಚಿನ ಮಾಡೆಲರಿಗೆ ಸ್ಪೀಕರ್ ನಡೆಸುವ ಪವರ್ ಇಲ್ಲ. ನಡುವೆ ಪವರ್ ಆಂಪ್ ಬೇಕು, ಅಥವಾ ಡಿಎಸ್‌ಎಲ್ ಹೆಡ್ಡಿನ ಎಫೆಕ್ಟ್ಸ್ ರಿಟರ್ನಿಗೆ (ನೇರ ಪವರ್ ಭಾಗಕ್ಕೆ ಹೋಗುವ ಜ್ಯಾಕಿಗೆ) ಹಾಕಿ, ಕ್ಯಾಬ್ ಸಿಮ್ಯುಲೇಶನ್ ಆಫ್ ಮಾಡಿ. ಆಫ್ ಮಾಡದಿದ್ದರೆ ಕ್ಯಾಬಿನ ಮೇಲೆ ಕ್ಯಾಬ್ ಆಗಿ ಸ್ವರ ಕಂಬಳಿ ಹೊದ್ದ ಹಾಗೆ. ಮೈಕ್ ಸೆಟ್‌ನ ಹಾರ್ನ್ ಬಾಕ್ಸ್ ನಿಜವಾಗಿ ಒದಗುವುದು ಮಾಡೆಲರಿಗೇ: ಸಿಮ್ಯುಲೇಶನ್ ಆನ್ ಇಟ್ಟು ಮಿಕ್ಸರ್ ಮೂಲಕ ಹೋಗಿ.

ಇದೊಂದನ್ನು ಗಟ್ಟಿಯಾಗಿ ಹೇಳಲೇಬೇಕು: ಹೆಡ್ಡಿನ ಸ್ಪೀಕರ್ ಔಟನ್ನು ಮಿಕ್ಸರಿಗೋ ಪವರ್ಡ್ ಸ್ಪೀಕರಿನ ಇನ್‌ಪುಟ್ಟಿಗೋ ಹಾಕಲೇಬೇಡಿ. ಅತ್ತ ಮಿಕ್ಸರಿನ ಇನ್‌ಪುಟ್ ಸುಡಬಹುದು, ಇತ್ತ ಟ್ಯೂಬ್ ಆಂಪಿಗೆ ಲೋಡ್ ಇಲ್ಲದ ಸ್ಥಿತಿ. ಎರಡೂ ನಷ್ಟ. ಹಾಲ್‌ನ ಸೌಂಡಿನವರಿಗೆ ಗಿಟಾರ್ ಬೇಕಾದರೆ ಕ್ಯಾಬಿನ ಎದುರು ಮೈಕ್ ಇಡಲಿ, ಕೋನಿನ ನಡುವಿನ ಟೋಪಿಯ ಅಂಚಿಗೆ ನೇರವಾಗಿ. ನಟ್ಟನಡುವೆ ಇಟ್ಟರೆ ಚುಚ್ಚುತ್ತದೆ, ಹೊರಗೆ ಸರಿಸಿದಷ್ಟೂ ಮಂಕು.

ಉಪ್ಪಳ ಮರಗೆಲಸ

ಆಚಾರಿಯವರ ಹತ್ತಿರ ಧಾರಾಳ ಮಾಡಿಸಬಹುದು. ಹೈಫೈ ಬಾಕ್ಸಿನ ಹಾಗೆ ಲೀಟರ್ ಲೆಕ್ಕ ಹಿಡಿದು ಕೂರಬೇಕಾಗಿಲ್ಲ, ಗಿಟಾರ್ ಕ್ಯಾಬಿನಲ್ಲಿ ಅಳತೆ ಸ್ವಲ್ಪ ಆಚೀಚೆಯಾದರೆ ನಡೀತದೆ. 2x12ಕ್ಕೆ ಹೊರ ಅಳತೆ ಸುಮಾರು 740 ಅಗಲ, 510 ಎತ್ತರ, 300 ಆಳ, ಎಲ್ಲ ಮಿ.ಮೀ.ನಲ್ಲಿ.

ಮರ ಮಾತ್ರ ಸರಿ ಇರಲಿ. ಐಎಸ್ 710 ಗುರುತಿನ 18 ಮಿ.ಮೀ. ಮರೈನ್ ಪ್ಲೈ ಕೇಳಿ. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ನಮ್ಮ ಕಡೆಗೆ ಆಗುವುದೇ ಇಲ್ಲ. ಮಳೆಗಾಲದ ಆಟಿ ತಿಂಗಳ ತೇವಕ್ಕೆ ಅಂಚು ಉಬ್ಬಿ ಸ್ಕ್ರೂ ಕಳಚಿ ಬರ್ತದೆ. ಸ್ಪೀಕರ್ ತೂತು 283 ಮಿ.ಮೀ. ವ್ಯಾಸ. ಆದರೂ ಸ್ಪೀಕರ್ ಕೈಗೆ ಬಂದ ಮೇಲೆಯೇ ಕೊರೆಸಿ. ಕೂರಿಸಲಿಕ್ಕೆ ಮರದ ಸ್ಕ್ರೂ ಬೇಡ, ಹಲಗೆಯ ಇನ್ನೊಂದು ಬದಿಯಿಂದ ಟೀ-ನಟ್ (ಮರದೊಳಗೆ ಕೂರುವ ಹಲ್ಲಿನ ನಟ್) ಹೊಡೆದು ಎಂ5 ಬೋಲ್ಟ್ ಹಾಕಿ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಚೌಕಟ್ಟು ತಿರುಚಿ ವಾಯ್ಸ್ ಕಾಯಿಲ್ ಉಜ್ಜುತ್ತದೆ. ಕಡಿಮೆ ವಾಲ್ಯೂಮಿನಲ್ಲೂ ಸರಸರ ಕೇಳ್ತದೆ, ಸ್ಪೀಕರ್ ಹಾಳು ಅಂತ ತಿಳಿದು ವಾಪಸ್ ಕಳಿಸುವವರಿದ್ದಾರೆ.

ಹಿಂದಿನ ಹಲಗೆ ಕೂರುವ ರೀಪಿಗೆ ತೆಳು ಫೋಮ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಲೋ ಇ ತಂತಿಗೆ ಹಲಗೆ ಝೇಂಕರಿಸ್ತದೆ. ಹೊರಗೆ ಸೀಟ್ ಕವರ್ ಅಂಗಡಿಯ ರೆಕ್ಸಿನ್ ಸಾಕು. ಎದುರಿನ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ನೋಡಿ, ಗಾಳಿ ತಡೆಯಿಲ್ಲದೆ ದಾಟಬೇಕು.

ಒಳಗಿನ ವಯರು 1.5 ಸ್ಕ್ವೇರ್ ಎಂಎಂ ತಾಮ್ರದ್ದು. ಆಂಪಿನಿಂದ ಕ್ಯಾಬಿಗೆ ಹೋಗುವುದೂ ಅಷ್ಟೇ ದಪ್ಪದ ಎರಡು ಎಳೆಯ ಸ್ಪೀಕರ್ ವಯರು. ಗಿಟಾರ್ ಲೀಡ್ ಬಳಸಬೇಡಿ, ಪಿನ್ ಒಂದೇ ಥರ ಇದ್ದರೂ ಒಳಗಿನ ಎಳೆ ಕೂದಲಿನಷ್ಟು, ಬಿಸಿಯಾಗಿ ಕರಗಬಹುದು. ಪ್ಯಾರಲಲ್ ಅಂದರೆ ಜ್ಯಾಕಿನ ತುದಿಯಿಂದ ಎರಡೂ ಸ್ಪೀಕರಿನ ಪ್ಲಸ್‌ಗೆ, ಬುಡದಿಂದ ಎರಡೂ ಮೈನಸ್‌ಗೆ. ಮುಚ್ಚುವ ಮೊದಲು 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ವಯರಿನ ಪಿನ್ನಿಗೆ ಒಂದು ಕ್ಷಣ ಮುಟ್ಟಿಸಿ: ಸೆಲ್ಲಿನ ಪ್ಲಸ್ ತುದಿಗೆ, ಮೈನಸ್ ಬುಡಕ್ಕೆ. ಎರಡೂ ಕೋನ್ ಒಟ್ಟಿಗೆ ಮುಂದಕ್ಕೆ ಬರಬೇಕು. ಒಂದು ಮುಂದೆ, ಇನ್ನೊಂದು ಹಿಂದೆ ಹೋದರೆ ಒಂದರ ವಯರ್ ತಿರುಗಿಸಿ ಹಾಕಿ, ಇಲ್ಲದಿದ್ದರೆ ಬೇಸ್ ಪೂರ್ತಿ ಮಾಯ.

ಕಡಲ ಹತ್ತಿರದ ರೂಮು ಆದ್ದರಿಂದ ಟರ್ಮಿನಲ್‌ಗೆ ಹಸಿರು ಹಿಡಿಯುವುದುಂಟು. ಮಳೆಗಾಲ ಮುಗಿದ ಮೇಲೆ ಒಮ್ಮೆ ಹಿಂಬದಿ ಬಿಚ್ಚಿ ಒರೆಸಿ, ಜ್ಯಾಕಿನ ನಟ್ ಬಿಗಿ ಮಾಡಿ.

ಕುಂಬಳೆ ಗಿಟಾರ್

ಎಲ್ಲರಿಗೂ ತುಂಬ ಉಪಕಾರ. ಎರಡು 1x12ಕ್ಕೇ ಮನಸ್ಸು ಹೋಗಿದೆ, ಒಂದರಲ್ಲಿ ಗ್ರೀನ್‌ಬ್ಯಾಕ್, ಇನ್ನೊಂದರಲ್ಲಿ ವಿಂಟೇಜ್ 30, ಎರಡೂ 16 ಓಮ್. ಒಂದು ಸಂಶಯ: ಬ್ಲೂಸ್ ಜೂನಿಯರ್‌ನ ಸ್ಪೀಕರ್ ವಯರ್ ತೆಗೆದು ಮಲ್ಟಿಮೀಟರ್ ಇಟ್ಟರೆ 6.5 ತೋರಿಸ್ತದೆ. 8 ಬರಬೇಕಿತ್ತಲ್ವಾ? ಸ್ಪೀಕರ್ ಹೋಗಿದೆಯಾ?

ಓಮ್ ಲೆಕ್ಕ

ಸರಿಯಾಗಿಯೇ ಉಂಟು. ಮೀಟರ್ ಅಳೆಯುವುದು ತಂತಿಯ ಡಿಸಿ ರೆಸಿಸ್ಟೆನ್ಸ್ ಮಾತ್ರ. ಸ್ಪೀಕರಿನ ಮೇಲೆ ಬರೆದ ಓಮ್ ಸ್ವರ ಹೋಗುವಾಗಿನ ಇಂಪಿಡೆನ್ಸ್, ಅದು ಯಾವಾಗಲೂ ಮೀಟರಿನ ಅಂಕೆಗಿಂತ ಹೆಚ್ಚು. 8 ಓಮಿನದು 6ರಿಂದ 7, 16ರದ್ದು 12–13ರ ಆಸುಪಾಸು ತೋರಿಸ್ತದೆ. ನಿಮ್ಮ ಎರಡು ಕ್ಯಾಬ್ ಜೋಡಿಸಿದ ಮೇಲೆ ಆಂಪಿಗೆ ಹಾಕುವ ಪಿನ್ನಿನಲ್ಲೇ ಅಳೆಯಿರಿ: 6ರಿಂದ 7 ಬಂದರೆ ಆಂಪಿಗೆ ಹಾಕಿ. 12ರ ಮೇಲೆ ಬಂದರೆ ಒಂದು ಕ್ಯಾಬ್ ತಾಗಿಲ್ಲ, ನಡುವಿನ ವಯರು ನೋಡಿ. 3ರ ಹತ್ತಿರ ಬಂದರೆ ಅಂಗಡಿಯವರು 8 ಓಮಿನ ಸ್ಪೀಕರ್ ಕಳಿಸಿದ್ದಾರೆ, ಅದನ್ನು ಬದಲಿಸುವ ತನಕ ಮೂರು ಆಂಪಿನಲ್ಲಿ ಯಾವುದಕ್ಕೂ ಜೋಡಿಯಾಗಿ ಹಾಕಬೇಡಿ.