ಮಂಜಿನಲ್ಲೂ ಬೆವರು ಸುರಿಯುತ್ತಿದೆ, ಕಾಫಿ ಬಿಡಲೇಬೇಕಾ?

ಪ್ರಶ್ನೆ: ತೋಟದ ಲೆಕ್ಕದವಳು, ಮೂಡಿಗೆರೆ ಕಡೆ

ನನಗೆ 51. ಮುಟ್ಟು ನಿಂತು ಒಂದೂವರೆ ವರ್ಷ ಆಯಿತು. ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ಶನಿವಾರ ಬಟವಾಡೆ ಇತ್ತು. ಹೊರಗೆ ದಟ್ಟ ಮಂಜು, ಸಾಲು ನಿಂತವರೆಲ್ಲ ಸ್ವೆಟರ್ ಹಾಕಿ ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ನನಗೆ ಮಾತ್ರ ಎದೆಯಿಂದ ಬಿಸಿ ಎದ್ದು ಕುತ್ತಿಗೆ, ಮುಖ, ಕಿವಿವರೆಗೆ ಹತ್ತಿತು. ಹಣೆಯ ಬೆವರು ಚೆಕ್‌ರೋಲ್ (ಕೂಲಿಯವರ ಹಾಜರಿ ಪುಸ್ತಕ) ಮೇಲೆ ಬಿದ್ದು ಇಬ್ಬರ ಹೆಸರು ಕಲಸಿಹೋಯಿತು. "ಅಕ್ಕಾ, ಜ್ವರವಾ?" ಅಂತ ಒಬ್ಬಳು ಕೇಳಿದಳು. ಏನಂತ ಹೇಳಲಿ? ನಾಲ್ಕು ನಿಮಿಷ ಕಳೆದರೆ ಅದೇ ಮೈ ಚಳಿಗೆ ನಡುಗುತ್ತದೆ.

ರಾತ್ರಿ ಎರಡು ಸಲ ನೈಟಿ ಬದಲಿಸುತ್ತೇನೆ. ನಾನು ಕಂಬಳಿ ಒದೆಯುತ್ತೇನೆ, ಯಜಮಾನರು ಎಳೆದುಕೊಳ್ಳುತ್ತಾರೆ. ಒಬ್ಬ ವೈದ್ಯರು "ವಯಸ್ಸಾಯ್ತಲ್ಲಮ್ಮ" ಎಂದು ಕ್ಯಾಲ್ಸಿಯಂ ಮಾತ್ರೆ ಬರೆದು ಕಳಿಸಿದರು. ಅತ್ತೆ ಉಷ್ಣ ಅಂತ ಮೆಂತ್ಯದ ನೀರು ಕುಡಿಸುತ್ತಿದ್ದಾರೆ. ತಂಗಿ ಕಾಫಿ ಬಿಡು ಅನ್ನುತ್ತಾಳೆ. ದಿನಕ್ಕೆ ಐದು ಲೋಟ ಬೆಲ್ಲದ ಕಾಫಿ ಕುಡಿಯುವವಳು ನಾನು. ತೋಟದ ಮಧ್ಯೆ ಕೂತು ಕಾಫಿ ಬಿಡುವುದಾ!

ಬಿ.ಪಿ. ಮಾತ್ರೆ ನುಂಗುತ್ತೇನೆ. ಗರ್ಭಕೋಶ ತೆಗೆಸಿಲ್ಲ. ಹಾರ್ಮೋನ್ ಮಾತ್ರೆ ತಗೊಂಡರೆ ಕ್ಯಾನ್ಸರ್ ಬರುತ್ತೆ ಅಂತಾರೆ, ನಿಜವಾ?

ಉತ್ತರ 1: ಹೊಲಿಗೆ ಅಕ್ಕ, ಹಾಸನ

ಕಾಫಿಯನ್ನು ಈಗಲೇ ಬೈಯಬೇಡಿ. ಮೊದಲು ಲೆಕ್ಕ ಇಡಿ, ಅದು ನಿಮ್ಮ ಕಸುಬೇ ಅಲ್ವಾ. ನಾನು ಗೋಡೆಯ ಕ್ಯಾಲೆಂಡರ್ ಮೇಲೆ ಹದಿನೈದು ದಿನ ಗೀಟು ಹಾಕಿದೆ. ಬಿಸಿ ಎದ್ದಾಗ ಒಂದು ಗೀಟು, ಪಕ್ಕದಲ್ಲಿ ಏನು ತಿಂದೆ, ಎಲ್ಲಿದ್ದೆ ಅಂತ ಎರಡು ಪದ. ನನಗೆ ಬೆಳಗಿನ ಕಾಫಿ ಏನೂ ಮಾಡಲಿಲ್ಲ. ಸಂಜೆ ಕುದಿಕುದಿ ಕುಡಿದದ್ದು, ಖಾರದ ಸಾರು, ಇಸ್ತ್ರಿಪೆಟ್ಟಿಗೆ ಪಕ್ಕ ನಿಂತದ್ದು, ಇವು ಮೂರಕ್ಕೂ ಗೀಟು ಬಿದ್ದಿತ್ತು. ನಿಮ್ಮದು ಬೇರೆ ಇರಬಹುದು.

ಇನ್ನೊಂದು ಮಾತು. ಪಾಲಿಯೆಸ್ಟರ್ ಲೈನಿಂಗ್ ಇರುವ ಬ್ಲೌಸ್ ಬಿಡಿ. ನಾನೇ ಎಷ್ಟೋ ಜನಕ್ಕೆ ಹೊಲಿದುಕೊಟ್ಟಿದ್ದೇನೆ, ಅದರ ಪಾಪ ಈಗ ಅನುಭವಿಸಿದೆ. ತೆಳು ಕಾಟನ್ ಲೈನಿಂಗ್ ಹಾಕಿಸಿ. ಸ್ವೆಟರ್ ಮುಂದೆ ಗುಂಡಿ ಇರುವುದು ತಗೊಳ್ಳಿ, ತಕ್ಷಣ ಬಿಚ್ಚಬಹುದು. ಮತ್ತೆ ಕಂಬಳಿ ಎರಡು ಮಾಡಿ, ಜಗಳ ಮುಗಿಯುತ್ತೆ.

ಉತ್ತರ 2: ನಿವೃತ್ತ ನರ್ಸ್, ಚಿಕ್ಕಮಗಳೂರು

ಇದು ಊಟದಿಂದ ಬಂದ ಉಷ್ಣ ಅಲ್ಲಮ್ಮಾ. ಮೈ ಬಿಸಿಯನ್ನು ಹದದಲ್ಲಿಡುವ ಜಾಗ ಮೆದುಳಿನಲ್ಲಿದೆ, ಹೈಪೋಥಲಾಮಸ್ ಅಂತ. ಮುಟ್ಟು ನಿಲ್ಲುವಾಗ ಈಸ್ಟ್ರೋಜೆನ್ ಎಂಬ ಹೆಣ್ಣಿನ ಹಾರ್ಮೋನ್ ಇಳಿದ ಮೇಲೆ ಅದು ತೀರಾ ಸೂಕ್ಷ್ಮವಾಗುತ್ತದೆ. ಮೈ ಒಂಚೂರು ಬೆಚ್ಚಗಾದರೂ ಸಾಕು, ಜಾಸ್ತಿ ಬಿಸಿಯಾಯಿತು ಅಂದುಕೊಂಡು ಚರ್ಮಕ್ಕೆ ರಕ್ತ ಹರಿಸಿ ಬೆವರಿಸಿಬಿಡುತ್ತದೆ. ಅದಕ್ಕೇ ಆಮೇಲೆ ಚಳಿ. ಹಲವರಿಗೆ ಏಳೆಂಟು ವರ್ಷ ಇರುತ್ತದೆ. ಅಷ್ಟು ವರ್ಷ ಸಹಿಸಿಕೋ ಅನ್ನುವುದು ಸಲಹೆಯಾ?

ಹಾರ್ಮೋನ್ ವಿಷಯ. ಈ ಬಿಸಿಗೆ ಅದರಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿ ಬೇರೆ ಇಲ್ಲ. ಗರ್ಭಕೋಶ ಇರುವವರಿಗೆ ಬರೀ ಈಸ್ಟ್ರೋಜೆನ್ ಕೊಡುವುದಿಲ್ಲ, ಒಳಪದರ ದಪ್ಪವಾಗದಂತೆ ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕು. ಎರಡನ್ನೂ ವರ್ಷಗಟ್ಟಲೆ ತಗೊಂಡರೆ ಸ್ತನ ಕ್ಯಾನ್ಸರ್ ಅಪಾಯ ಸ್ವಲ್ಪ ಏರುತ್ತದೆ, ಸುಳ್ಳು ಹೇಳಲಾರೆ. ಆದರೆ 60ರೊಳಗೆ, ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡುವ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭ ಜಾಸ್ತಿ. ಸ್ತನ ಕ್ಯಾನ್ಸರ್ ಬಂದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು ಸಾಮಾನ್ಯವಾಗಿ ತಗೊಳ್ಳಬಾರದು. ಚರ್ಮಕ್ಕೆ ಹಚ್ಚುವ ಈಸ್ಟ್ರೋಜೆನ್ ಜೆಲ್‌ನಲ್ಲಿ ಹೆಪ್ಪುಗಟ್ಟುವ ಭಯ ಮಾತ್ರೆಗಿಂತ ಕಡಿಮೆ. ನಿಮ್ಮ ಬಿ.ಪಿ. ಮೊದಲು ಹತೋಟಿಗೆ ಬರಲಿ.

ಹಾರ್ಮೋನ್ ಬೇಡ ಅನ್ನುವವರಿಗೆ ವೆನ್ಲಾಫಾಕ್ಸಿನ್, ಗ್ಯಾಬಪೆಂಟಿನ್ ಥರದವು ಇವೆ. ವೆನ್ಲಾಫಾಕ್ಸಿನ್‌ಗೆ ಬಿ.ಪಿ. ಏರಿಸುವ ಗುಣ ಇದೆ, ಹಾಗಾಗಿ ನಿಮ್ಮ ಮಾತ್ರೆಯ ಚೀಟಿ ತೋರಿಸದೆ ಏನನ್ನೂ ಶುರು ಮಾಡಬೇಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬೆವರಿನ ಜೊತೆ ಜ್ವರ ಬಂದರೆ, ತೂಕ ಇಳಿದರೆ ಟಿ.ಬಿ. ಕೂಡ ನೋಡಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಕಾಯಬೇಡಿ.

ಉತ್ತರ 3: ಸಕಲೇಶಪುರದವನು

ಒಂದು ಮೂಲಿಕೆ ಪುಡಿ ಇದೆ, 21 ದಿನದಲ್ಲಿ ಗ್ಯಾರಂಟಿ. ಬೇಕಾದರೆ ಕಳಿಸುತ್ತೇನೆ.

ಉತ್ತರ 4: ನಿವೃತ್ತ ನರ್ಸ್, ಚಿಕ್ಕಮಗಳೂರು

ಅಣ್ಣಾ, ಪುಡಿಯಲ್ಲಿ ಏನೇನಿದೆ ಅಂತ ಮೊದಲು ಬರೆಯಿರಿ. ಬಿ.ಪಿ. ಇರುವವರಿಗೆ ಗ್ಯಾರಂಟಿ ಸಾಲದು.

ಉತ್ತರ 5: ತೋಟದ ಲೆಕ್ಕದವಳು, ಮೂಡಿಗೆರೆ ಕಡೆ

ಮೂರು ವಾರ ಕಳೆದು ಬರೆಯುತ್ತಿದ್ದೇನೆ. ಹಾಸನಕ್ಕೆ ಹೋಗಿ ಬೇರೆ ಲೇಡಿ ಡಾಕ್ಟರಿಗೆ ತೋರಿಸಿದೆ. ಗೀಟು ಹಾಕಿದ ಹಾಳೆ ಮುಂದಿಟ್ಟೆ, ಪೂರ್ತಿ ಓದಿದರು. ಥೈರಾಯ್ಡ್ ಸರಿ ಇದೆ. ಬಿ.ಪಿ. ಮಾತ್ರ 156/94, ಅದರ ಮಾತ್ರೆ ಬದಲಾಯಿತು. ಮ್ಯಾಮೋಗ್ರಾಮ್ (ಸ್ತನದ ಎಕ್ಸ್‌ರೇ) ಆಗಲಿ, ಬಿ.ಪಿ. ಇಳಿಯಲಿ, ಆಮೇಲೆ ಜೆಲ್ ನೋಡೋಣ ಅಂದರು.

ಗೀಟಿನಲ್ಲಿ ಸಿಕ್ಕಿಬಿದ್ದದ್ದು ಸಂಜೆಯ ಎರಡು ಲೋಟ ಮಾತ್ರ. ಬೆಳಗಿನ ಮೂರು ಉಳಿದವು. ಅತ್ತೆಗೆ ಹೈಪೋಥಲಾಮಸ್ ವಿಷಯ ಹೇಳಿದೆ. "ಅದೇ ಉಷ್ಣ ಕಣೇ" ಅಂದರು. ಮೆಂತ್ಯದ ನೀರು ಮುಂದುವರಿದಿದೆ.

ಬಿಸಿ ಇನ್ನೂ ಏಳುತ್ತದೆ. ಬಟವಾಡೆ ದಿನ ಕಿಟಕಿ ಪಕ್ಕಕ್ಕೆ ಮೇಜು ಎಳೆಸಿಕೊಂಡೆ. ಶಾಯಿ ಪೆನ್ನು ಒಳಗಿಟ್ಟು ಬಾಲ್‌ಪೆನ್ನಿನಲ್ಲಿ ಬರೆಯುತ್ತಿದ್ದೇನೆ.